ಚಾಚಾನ ಕಿಸೆಯಲ್ಲಿದ್ದ ಮೂರು ಫ್ಯೂಜು

ಬೆಟಗೇರಿಯ ಒಂದು ಓಣಿಯ ತುದಿಗೆ ಚಾಚಾನ ವರ್ಕ್‌ಶಾಪ್ ಇದೆ. ಅವರು ನನಗೆ ಸಂಬಂಧಿಯಲ್ಲ. ಗದಗಿನಿಂದ ಲಕ್ಷ್ಮೇಶ್ವರದವರೆಗೆ ಮೋಟಾರು ಇಟ್ಟುಕೊಂಡವರೆಲ್ಲ ಅವರನ್ನು ಹಾಗೇ ಕರೆಯುತ್ತಾರೆ. ಬೋರ್‌ವೆಲ್ಲಿಗಾಗಲಿ, ಹಿಟ್ಟಿನ ಗಿರಣಿಗಾಗಲಿ, ಕಂಟ್ರೋಲ್ ಪ್ಯಾನಲ್ ಬೇಕೆಂದರೆ ಜನ ಅವರಲ್ಲಿಗೇ ಬರುತ್ತಾರೆ. ಪ್ಯಾನಲ್ ಎಂದರೆ ಯಂತ್ರವನ್ನು ಚಾಲೂ ಮಾಡುವ, ನಿಲ್ಲಿಸುವ ಏರ್ಪಾಡೆಲ್ಲ ಇರುವ ಕಬ್ಬಿಣದ ಪೆಟ್ಟಿಗೆ. ಅದರ ನಕ್ಷೆಯನ್ನು ಚಾಚಾ ರಟ್ಟಿನ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು. ಒಂದು ಸ್ವಿಚ್ಚಿಗೆ ‘ದೊಡ್ಡಾಂವ’, ಇನ್ನೊಂದಕ್ಕೆ ‘ಸಣ್ಣಾಂವ’ ಎಂದು ಹೆಸರು.

ಕಳೆದ ವರ್ಷ ಹಿರೇವಡ್ಡಟ್ಟಿಯ ಶೇಂಗಾ ಮಿಲ್ಲಿನವರು ಹೊರದೇಶದಿಂದ ಒಂದು ಯಂತ್ರ ತರಿಸಿದರು. ಪ್ಯಾನಲ್ ಚಾಚಾನದೇ ಆಗಬೇಕೆಂದು ಹಟ ಹಿಡಿದರು. ಯಂತ್ರದ ಕಂಪನಿಯವರು ಮಾತ್ರ ಒಂದು ಷರತ್ತು ಹಾಕಿದರು: ನಕ್ಷೆ ಅಂತರರಾಷ್ಟ್ರೀಯ ಮಾನದಂಡದಂತೆ ಕಂಪ್ಯೂಟರಿನಲ್ಲಿ ಆಗಬೇಕು. ಅವರ ಇಂಜಿನಿಯರ್ ಒಪ್ಪದಿದ್ದರೆ ಪ್ಯಾನಲ್ ಮಿಲ್ಲಿನ ಬಾಗಿಲು ದಾಟುವುದಿಲ್ಲ.

ನಾನು ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ಚಾಚಾ ಮನೆಗೇ ಬಂದರು.

“ಮಾಸ್ತರ್ರ, ಇದೊಂದು ಪಾಸ್ ಆಗಲಿಲ್ಲಂದ್ರ ಹೊಸಾ ಪ್ಯಾನಲ್ ಕಟ್ಟೋದು ಬಂದ್ ಮಾಡಿಬಿಡ್ತೀನಿ. ರಿಪೇರಿ ಅಷ್ಟ ಮಾಡ್ಕೊಂಡು ಕುಂಡ್ರತೀನಿ. ನೀವು ಬರೀರಿ, ನಾ ನಿಮ್ಮ ಹಾಳಿ ನೋಡೇ ಕಟ್ಟತೀನಿ.”

ಬೇರೆಯವರ ನಕ್ಷೆ ನೋಡಿ ಅವರು ಒಂದು ವೈರನ್ನೂ ಜೋಡಿಸಿದವರಲ್ಲ. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ವರ್ಕ್‌ಶಾಪಿನ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿ, ಅದನ್ನು ಹದಕ್ಕೆ ತರಲು ನಾಲ್ಕು ದಿನ ಹಿಡಿಯಿತು. ಮೊದಲು ಅದು ಯಾವ ಮಾನದಂಡ ಎಂದು ಕೇಳಿತು. ನಾನು ಅವಸರದಲ್ಲಿ ಅಮೆರಿಕದ್ದನ್ನು ಒತ್ತಿಬಿಟ್ಟೆ. ನಕ್ಷೆಯೆಲ್ಲ ಏಣಿಯ ಹಾಗೆ ಅಡ್ಡಡ್ಡ ಬಂತು. ಅಳಿಸಿ ಮತ್ತೆ ಶುರು ಮಾಡಿದೆ. ಹಾಳೆಯ ಅಳತೆ ಸರಿಪಡಿಸಿದೆ. ಅಂಚಿಗೆ ಮೇಲೆ ಅಂಕಿ, ಪಕ್ಕಕ್ಕೆ ಅಕ್ಷರ ಬರುವ ಹಾಗೆ ಮಾಡಿದೆ. ಚಿಹ್ನೆಗಳ ಸಂಗ್ರಹ ಬದಲಿಸಿದೆ. ಪ್ರತಿ ಸಾಮಾನಿಗೂ ಹೊಸ ಮಾದರಿಯ ಹೆಸರು ಕೊಟ್ಟೆ. ಆ ಹೆಸರಿನ ಮುಂದೆ ಒಂದು ಸಣ್ಣ ಗೆರೆ ಇರುತ್ತದೆ. ಚಾಚಾ ಕನ್ನಡಕ ಏರಿಸಿ ಪರದೆ ನೋಡಿದರು.

“ಇದೇನ್ರಿ ಮಾಸ್ತರ್ರ, ನಮ್ಮ ದೊಡ್ಡಾಂವಗ ಮೈನಸ್ ಮಾರ್ಕ್ ಕೊಟ್ಟೀರಿ? ಏನ್ ತಪ್ಪು ಮಾಡ್ಯಾನವ?”

“ಮೈನಸ್ ಅಲ್ಲ ಚಾಚಾ, ಇದು ಒಂದು ಸಾಮಾನು ಅಂತ ತಿಳಿಸೋ ಗುರ್ತು.”

“ಹಂಗಾದ್ರ ನನ್ನ ಹೆಸರಿನ ಮುಂದೂ ಒಂದು ಹಾಕ್ರಿ. ಮನ್ಯಾಗ ನಾನೂ ಒಂದು ಸಾಮಾನ.”

ವೈರಿಂಗ್ ಮಾಡುವ ಅಕ್ಕ ಮೂಲೆಯಲ್ಲಿ ನಕ್ಕರು. ಅವರು ಬೆಟಗೇರಿಯ ನೇಕಾರರ ಮನೆಯವರು. ಮಗ್ಗ ನಿಂತ ಮೇಲೆ ಇಲ್ಲಿಗೆ ಬಂದರು. ಅವರು ಕಟ್ಟಿದ ವೈರಿನ ಸಾಲು ಮಗ್ಗಕ್ಕೆ ಹಾಸಿದ ಎಳೆಗಳಷ್ಟು ನೇರವಾಗಿರುತ್ತದೆ.

ಐದನೆಯ ದಿನ ಚಾಚಾನ ರಟ್ಟನ್ನು ಪಕ್ಕಕ್ಕಿಟ್ಟುಕೊಂಡು ಗೆರೆಗೆ ಗೆರೆ ನಕಲು ಮಾಡಿದೆ. ರಟ್ಟಿನಲ್ಲಿ ಕೂಡಿದ್ದನ್ನು ಕೂಡಿದಂತೆ, ಬಿಟ್ಟಿದ್ದನ್ನು ಬಿಟ್ಟಂತೆ ಬರೆದೆ. ಕೊನೆಗೆ ತಪಾಸಣೆಯ ಬಟನ್ ಒತ್ತಿದೆ. ತಪ್ಪುಗಳು ಸೊನ್ನೆ ಎಂದು ಬಂತು. ಯಾವ ವೈರು ಎಲ್ಲಿಂದ ಎಲ್ಲಿಗೆ ಎಂಬ ಪಟ್ಟಿಯನ್ನೂ ಅದೇ ಕೊಟ್ಟಿತು. ಅಚ್ಚು ತೆಗೆದು ಅಕ್ಕನ ಕೈಗಿತ್ತೆ.

ಮರುದಿನ ಅಕ್ಕ ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು ಕರೆದರು.

“ಸರ, ಹೋಲ್ಡಿಂಗಿಗೆ ನಾವು ಯಾವಾಗಲೂ ಹದಿಮೂರು-ಹದಿನಾಲ್ಕು ಹಾಕ್ತೀವ್ರಿ. ಇದ್ರಾಗ ಇಪ್ಪತ್ತೊಂದು-ಇಪ್ಪತ್ತೆರಡು ಐತಿ.”

ಹೋಲ್ಡಿಂಗ್ ಏನೆಂದು ಇಲ್ಲಿ ಹೇಳಬೇಕು. ಹಸಿರು ಬಟನ್ ಒತ್ತಿದಾಗ ದೊಡ್ಡ ಸ್ವಿಚ್ ಒಳಗೆಳೆದುಕೊಂಡು ಯಂತ್ರ ಚಾಲೂ ಆಗುತ್ತದೆ. ಬೆರಳು ತೆಗೆದ ಮೇಲೂ ಅದು ಬಿಟ್ಟುಕೊಳ್ಳದಂತೆ ಹಿಡಿದಿಡುವ ಸಣ್ಣ ಜೋಡಣೆಯೇ ಹೋಲ್ಡಿಂಗ್. ಆ ಸ್ವಿಚ್ಚಿನಲ್ಲಿ ಎರಡು ಬಗೆಯ ತುದಿಗಳಿರುತ್ತವೆ. ಹದಿಮೂರು-ಹದಿನಾಲ್ಕರ ಜೋಡಿ ಯಂತ್ರ ನಿಂತಾಗ ಬಿಟ್ಟಿರುತ್ತದೆ, ಇಪ್ಪತ್ತೊಂದು-ಇಪ್ಪತ್ತೆರಡರದು ನಿಂತಾಗ ಕೂಡಿರುತ್ತದೆ. ಇಷ್ಟನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ.

ಆದರೂ ನಾನು ಆಕೆಗೆ ಹೇಳಿದ್ದು ಇದು: “ಅದು ಹೊಸಾ ಮಾನದಂಡ ಅಕ್ಕಾರ. ಕಂಪ್ಯೂಟರ್ ತಪಾಸ ಮಾಡೇತಿ. ಇದ್ದಂಗ ಹಾಕ್ರಿ.”

“ನೀವು ಹೇಳಿದ್ರ ಆತು ಬಿಡ್ರಿ,” ಎಂದು ಅವರು ಸ್ಕ್ರೂ ಬಿಗಿ ಮಾಡಿದರು. ಬಿಗಿ ಮಾಡಿದ ಮೇಲೂ ಒಮ್ಮೆ ಆ ತುದಿಯನ್ನೇ ನೋಡಿದರು. ಅದನ್ನು ನಾನು ಕಂಡೆ.

ಶನಿವಾರ ಮಧ್ಯಾಹ್ನ ಪರೀಕ್ಷೆ. ಮಿಲ್ಲಿನಿಂದ ತಂದ ಮೋಟಾರನ್ನು ಜೋಡಿಸಿ ನೆಲದ ಮೇಲೆ ಇಟ್ಟಿದ್ದರು. ಅಕ್ಕ ಅದರ ಪಕ್ಕ ಕುಳಿತು ಬೆಲ್ಟು ಏರಿಸುತ್ತಿದ್ದರು. ಇನ್ನೂ ಯಾರೂ ಬಟನ್ ಮುಟ್ಟಿರಲಿಲ್ಲ. ಚಾಚಾ ಪ್ಯಾನಲ್ಲಿಗೆ ಕರೆಂಟು ಕೊಟ್ಟರು.

ಟಕಟಕಟಕಟಕಟಕ.

ದೊಡ್ಡ ಸ್ವಿಚ್ ತಾನಾಗಿಯೇ ಎಳೆದುಕೊಂಡಿತು, ಬಿಟ್ಟಿತು, ಮತ್ತೆ ಎಳೆದುಕೊಂಡಿತು. ಪೆಟ್ಟಿಗೆಯ ಬಾಗಿಲು ಅದುರಿತು. ನಾನು ಪ್ಯಾನಲ್ ನೋಡಲಿಲ್ಲ. ಬೆಲ್ಟು ಮತ್ತು ಗಾಲಿಯ ನಡುವೆ ಇದ್ದ ಅಕ್ಕನ ನಾಲ್ಕು ಬೆರಳುಗಳನ್ನು ನೋಡಿದೆ. ಮೋಟಾರು ಅಲುಗಲಿಲ್ಲ. ಚಾಚಾ ಕರೆಂಟು ತೆಗೆದರು. ಅಕ್ಕ ಕೈ ಹಿಂದಕ್ಕೆಳೆದುಕೊಂಡು ಸೆರಗಿಗೆ ಒರೆಸಿಕೊಂಡರು.

ಮೋಟಾರು ಯಾಕೆ ತಿರುಗಲಿಲ್ಲ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಚಾಚಾ ಜುಬ್ಬಾದ ಕಿಸೆಗೆ ಕೈ ಹಾಕಿ ಮೂರು ಬಿಳಿ ಪಿಂಗಾಣಿ ಫ್ಯೂಜುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಮೋಟಾರಿಗೆ ಹೋಗುವ ಕರೆಂಟು ಅವುಗಳ ಮೂಲಕವೇ ಹಾಯಬೇಕು. ಯಾವ ಪ್ಯಾನಲ್ ಆದರೂ ಮೊದಲ ಸಲ ಅವರು ಬಟನ್ನುಗಳ ಸಣ್ಣ ಸರ್ಕ್ಯೂಟಿಗೆ ಮಾತ್ರ ಕರೆಂಟು ಕೊಡುತ್ತಾರೆ. ಆ ಮೂರು ಅವರ ಕಿಸೆಯಲ್ಲೇ ಇರುತ್ತವೆ.

“ರಟ್ಟಿನಾಗ ನಂದ ಕೈ ತಪ್ಪೇತಿ,” ಎಂದರು ಚಾಚಾ, ಮೆಲ್ಲಗೆ. “ಕಣ್ಣು ಮೊದಲಿನಂಗ ಇಲ್ಲ. ಮಿಲ್ಲಿನವರಿಗೆ ಆಗೂದಿಲ್ಲ ಅಂತ ಹೇಳಿಬಿಡೂಣು.”

ಅಕ್ಕ ನನ್ನ ಕಡೆ ತಿರುಗಿ ನೋಡಿದರು. ನಾನು ಎದ್ದು ರಟ್ಟನ್ನೂ ನನ್ನ ಹಾಳೆಯನ್ನೂ ಅಕ್ಕಪಕ್ಕ ಇಟ್ಟೆ.

“ಕೈ ನಿಮ್ದಲ್ಲ ಚಾಚಾ, ನಂದು. ಅಕ್ಕ ಹೇಳಿದ್ರು. ನಾ ಕೇಳಲಿಲ್ಲ. ಮಾನದಂಡದಾಗ ಯಂತ್ರ ನಿಂತಿರಬೇಕು, ಕರೆಂಟ್ ಇರಬಾರದು, ಬಟನ್ನಿನ ಮ್ಯಾಲೆ ಬೆರಳಿರಬಾರದು. ಹಂಗ ನಕ್ಷೆ ಬರೀಬೇಕು. ನೀವು ಬರೆದಿದ್ದು ಹೆಂಗ?”

“ಓಡೋ ಯಂತ್ರದ್ದು! ಇನ್ನ್ಯಾವುದು?” ಎಂದರು ಚಾಚಾ. “ಯಳವತ್ತಿಯಿಂದ ಫೋನ್ ಬರತೈತಿ, ಮೋಟಾರ್ ನಿಂತೈತಿ ಚಾಚಾ, ಎಲ್ಲೆಲ್ಲಿ ಕೂಡಿರಬೇಕು ಹೇಳ್ರಿ ಅಂತಾರ. ರಟ್ಟು ನೋಡಿ ಹೇಳತೀನಿ. ನಿಂತಿದ್ದರ ಚಿತ್ರ ತೊಗೊಂಡು ಏನ್ ಮಾಡ್ಲಿ?”

ಅಷ್ಟೇ ಆಗಿತ್ತು. ಅವರ ರಟ್ಟು ಅವರ ಲೆಕ್ಕಕ್ಕೆ ಸರಿ. ಓಡುವಾಗ ಕೂಡಿದ್ದನ್ನು ನಾನು ನಿಂತಾಗ ಕೂಡಿದ್ದೆಂದು ಬರೆದುಬಿಟ್ಟಿದ್ದೆ. ಸಾಫ್ಟ್‌ವೇರ್ ಅದಕ್ಕೆ ಒಪ್ಪುವ ಸಂಖ್ಯೆಯನ್ನು ತಾನೇ ಹಾಕಿತ್ತು. ಅದಕ್ಕೇ ಕರೆಂಟು ಬಂದೊಡನೆ ಸ್ವಿಚ್ ತಾನೇ ಎಳೆದುಕೊಂಡಿತ್ತು, ಎಳೆದುಕೊಂಡೊಡನೆ ಆ ತುದಿ ಬಿಟ್ಟು ಅದೂ ಬಿಟ್ಟಿತ್ತು. ಗೆರೆಗಳು ಕೂಡಿವೆಯೇ ಎಂದು ನೋಡುವುದಷ್ಟೇ ಅದರ ತಪಾಸಣೆ.

ಅಕ್ಕ ಅಷ್ಟರಲ್ಲಿ ಸ್ಕ್ರೂ ಬಿಚ್ಚುತ್ತಿದ್ದರು. “ಮಗ್ಗದಾಗ ಒಂದು ಎಳಿ ತಪ್ಪಿದ್ರ ನಮ್ಮತ್ತಿ ಸಂಜೀತನಾ ಬೈತಿದ್ಲು,” ಎಂದರು. “ನಿಮ್ಮನ್ನ ಬೈಯಾಕ ಯಾರೂ ಇಲ್ರಿ ಸರ. ಪುಣ್ಯವಂತರು.”

“ನಾ ಇದೀನಲ್ಲ,” ಎಂದರು ಚಾಚಾ. “ಚಾ ಕುಡಿದು ಶುರು ಮಾಡ್ತೀನಿ.”

ಸೋಮವಾರ ಮುಂಜಾನೆಯವರೆಗೆ ನಾನು ತಿದ್ದಿ ಬರೆದ ನಕ್ಷೆಯ ಪ್ರತಿ ಜೋಡಣೆಯನ್ನೂ ಗಟ್ಟಿಯಾಗಿ ಓದಿದೆ, ಅಕ್ಕ ಪ್ಯಾನಲ್ಲಿನಲ್ಲಿ ಬೆರಳಿಟ್ಟು ಹೂಂಗುಟ್ಟಿದರು. ಚಾಚಾನ ಓಡುವ ರಟ್ಟನ್ನು ಹೊಸದಾಗಿ ಪೆನ್ಸಿಲಿನಲ್ಲೇ ಬರೆದು, ಮೇಲೆ ‘ಚಾಲೂ ಇದ್ದಾಗ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ ಫೋನಿನ ಪಕ್ಕ ತೂಗುಹಾಕಿದೆ.

ಎರಡನೆಯ ಪರೀಕ್ಷೆಗೆ ಮುನ್ನ ಚಾಚಾ ಮೂರೂ ಫ್ಯೂಜುಗಳನ್ನು ನನ್ನ ಕೈಗೆ ಕೊಟ್ಟರು. “ಈ ಸಲ ನಿಮ್ಮ ಕಿಸೇದಾಗ ಇರ್ಲಿ. ಹಾಳಿ ಬರೆದಾಂವ ಹೇಳಿದ ಮ್ಯಾಲೇ ಹಾಕತೀನಿ.”

ಕರೆಂಟು ಬಂತು. ಸ್ವಿಚ್ ಸುಮ್ಮನಿತ್ತು. ಅಕ್ಕ ಹಸಿರು ಬಟನ್ ಒತ್ತಿದರು: ಟಕ್, ಒಂದೇ ಸಲ. ಬೆರಳು ತೆಗೆದರು. ಹಿಡಿದುಕೊಂಡೇ ಇತ್ತು. ಕೆಂಪು ಒತ್ತಿದರು, ಬಿಟ್ಟಿತು. ಇದನ್ನು ಇನ್ನೂ ಹತ್ತು ಸಲ ಮಾಡಿಸಿದೆ.

“ಮಾಸ್ತರ್ರ, ಇನ್ನರ ಕೊಡ್ರಿ,” ಎಂದು ಚಾಚಾ ಕೈ ಚಾಚಿದರು. “ಹಂಗ ಕಿಸೇದಾಗ ಇಟ್ಕೊಂಡು ಮನಿಗೆ ಹೋಗೀರಿ ಮತ್ತ.”

ನಾನು ಮೊದಲು ಅಕ್ಕನ ಕೈ ಎಲ್ಲಿದೆ ಎಂದು ನೋಡಿದೆ. ಸೊಂಟದ ಮೇಲಿತ್ತು. ಆಮೇಲೆ ಒಂದೊಂದಾಗಿ ಎಣಿಸಿ ಕೊಟ್ಟೆ.