ಎಲ್ಲಿಗೆ ಎಂದು ಕೇಳುತ್ತಿದ್ದ ಸುಭೇದಾರರು

ಶತ್ರುವಿನ ನೆಲದೊಳಗೆ ಹೊಕ್ಕು ಬಂದ ವೀರನ ಮುಖದಲ್ಲಿ ಒಂದು ತೇಜಸ್ಸು ತಾನಾಗಿಯೇ ನೆಲೆಸುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ನನಗೆ ಪರಿಚಯವಿದ್ದ ಒಬ್ಬರೇ ಒಬ್ಬ ವೀರರ ಮುಖ ಮೇ ತಿಂಗಳಲ್ಲೂ ಮಂಕಿ ಕ್ಯಾಪಿನೊಳಗೆ ಇರುತ್ತಿದ್ದುದರಿಂದ, ತೇಜಸ್ಸಿನ ಬಗ್ಗೆ ಖಚಿತವಾಗಿ ಏನೂ ಹೇಳಲಾರೆ. ಕಾಣುತ್ತಿದ್ದುದು ಒಂದು ಬಿಳಿ ಮೀಸೆ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ಮತ್ತು ಹೊರಟವರನ್ನು ರಸ್ತೆಯ ತಿರುವಿನವರೆಗೂ ಬಿಡದ ಎರಡು ಕಣ್ಣು.

ಮಹಾರಾಷ್ಟ್ರದ ದೇಹೂ ರೋಡ್ ಎಂಬ ಊರಿನ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಅವರಿದ್ದರು. ಧಾರವಾಡದ ಕಡೆಯವರು, ಫೌಜಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ ಸುಭೇದಾರರಾಗಿ ನಿವೃತ್ತರಾದವರು, ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಬೆಳಿಗ್ಗೆ ಏಳಕ್ಕೆ ಗೇಟಿನ ಪಕ್ಕದ ಬೆಂಚಿನ ಮೇಲೆ ಬಂದು ಕುಳಿತರೆಂದರೆ, ಹೊರಗೆ ಹೊರಟ ಪ್ರತಿಯೊಬ್ಬರನ್ನೂ ತಡೆದು ಕೇಳುವರು: "ಎಲ್ಲಿಗೆ ಹೊಂಟ್ರಿ? ಯಾವ ದಾರಿ ಹಿಡೀತೀರಿ?" ಮರಾಠಿಯವರಿಗೆ ಇದನ್ನೇ ಮರಾಠಿಯಲ್ಲಿ.

ಹೊರಟವರನ್ನು ಎಲ್ಲಿಗೆಂದು ಕೇಳುವುದು ಅಪಶಕುನ ಎಂಬ ವಿಷಯದಲ್ಲಿ ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಯಾವ ತಕರಾರೂ ಇಲ್ಲ. ಕೇಳಿಸಿಕೊಂಡವನು ಒಳಗೆ ಹೋಗಿ, ಕುಳಿತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ನಾನು ಶಿವಾಜಿನಗರದ ಕೋರ್ಟಿನಲ್ಲಿ ಗುಮಾಸ್ತ. ನನ್ನ ಹೆಂಡತಿಯ ಈ ಶಾಸ್ತ್ರನಿಷ್ಠೆಯಿಂದ ನಾನು ಎಷ್ಟು ಲೋಕಲ್ ಗಾಡಿ ತಪ್ಪಿಸಿಕೊಂಡೆನೋ ದೇವರೇ ಬಲ್ಲ. ಕೊನೆಗೆ ಸೊಸೈಟಿಯ ವಾರ್ಷಿಕ ಸಭೆಯಲ್ಲಿ, ನೀರಿನ ಟ್ಯಾಂಕಿಗೂ ಬೀದಿನಾಯಿಗಳಿಗೂ ನಡುವೆ, ಸುಭೇದಾರರ ವಿಷಯ ಚರ್ಚೆಗೆ ಬಂದು, ಬೆಂಚನ್ನು ಹಿತ್ತಲಿಗೆ ಸಾಗಿಸಬೇಕೆಂದು ಸರ್ವಾನುಮತದ ಠರಾವಾಯಿತು. ಬೆಂಚು ಹೋಯಿತು. ಅವರು ಮನೆಯೊಳಗಿಂದ ಕುರ್ಚಿ ತಂದರು.

ಒಂದು ದಿನ ನನ್ನ ಹೆಂಡತಿಯೇ ಕೆಳಗಿಳಿದಳು.

"ಕಾಕಾ, ಹೊಂಟವ್ರನ್ನ ಎಲ್ಲಿಗೆ ಅಂತ ಕೇಳಬಾರದ್ರಿ. ನಿಮ್ಮ ಅವ್ವ ಹೇಳಿಕೊಟ್ಟಿಲ್ಲೇನು?"

"ಹೇಳಿಕೊಟ್ಟಿದ್ಲು ತಂಗಿ. ಭಾಳ ಛಲೋ ಹೇಳಿಕೊಟ್ಟಿದ್ಲು," ಎಂದರು. "ಅದಕ್ಕ ಒಬ್ಬರನ್ನ ಕೇಳಲೇ ಇಲ್ಲ ನಾ."

ಕುರ್ಚಿ ಬಿಟ್ಟುಕೊಟ್ಟು ಅವಳನ್ನು ಕೂರಿಸಿ, ನಿಂತೇ ಹೇಳಿದರಂತೆ.

ಬಾಂಗ್ಲಾ ಯುದ್ಧ ಇನ್ನೂ ಘೋಷಣೆಯಾಗಿರಲಿಲ್ಲ. ಇಪ್ಪತ್ತೆರಡು ವರ್ಷದ ಇವರು ಆಗ ಬರೀ ಸಿಪಾಯಿ. ಲುಂಗಿ ಉಟ್ಟು, ವೈರ್‌ಲೆಸ್ ಪೆಟ್ಟಿಗೆಯನ್ನು ಮೀನಿನ ಬುಟ್ಟಿಯಲ್ಲಿ ಮುಚ್ಚಿಟ್ಟುಕೊಂಡು ಗಡಿ ದಾಟಿದ್ದರು. ಪಾಕಿಸ್ತಾನಿ ಸೈನ್ಯದ ಮದ್ದುಗುಂಡಿನ ರೈಲು ಬರುವ ಮೊದಲು ಒಂದು ಸೇತುವೆಯನ್ನು ಮದ್ದಿಟ್ಟು ಹಾರಿಸಬೇಕಿತ್ತು. ಹಾರಿಸುವವರು ಅಲ್ಲಿನ ಬಂಡುಕೋರರ ಪೈಕಿ ಒಬ್ಬರು, ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು. ಸೆಣಬಿನ ಹೊಲದಲ್ಲಿ ಇಬ್ಬರೇ ಎರಡು ದಿನ ಅಡಗಿದ್ದರು.

"ಮೀನಿನ ವಾಸನಿಗೆ ನಾ ಮೂಗು ಮುಚ್ಕೊಂಡ್ರ ಮೇಷ್ಟ್ರು ನಗ್ತಿದ್ರು. ಎಲ್ಲಾ ಮುಗದ ಮ್ಯಾಲೆ ನಮ್ಮನಿಗೆ ಬಾ, ಇದನ್ನ ತಿನ್ನಿಸೇ ಕಳಸ್ತೀನಿ ಅಂತಿದ್ರು."

ಸೇತುವೆಗೆ ಎರಡು ದಾರಿ. ಕಾಲುವೆಯ ಏರಿಯ ಮೇಲಿನದೊಂದು, ವೀಳ್ಯದೆಲೆ ತೋಟದೊಳಗಿನದೊಂದು. ಯಾವುದೆಂದು ಹೊರಡುವಾಗ ನೋಡೋಣ ಎಂದಿದ್ದ ಮೇಷ್ಟ್ರು, ಇಳಿಹೊತ್ತಿನಲ್ಲಿ ಎದ್ದು, ಲುಂಗಿ ಕೊಡವಿ, ಹೊರಟರು.

"ಯಾರು ಎಲ್ಲಿದ್ದಾರ ಅಂತ ತಿಳ್ಕೊಳ್ಳೂದ ನನ್ನ ಕೆಲಸ, ತಂಗಿ. ಬಾಯಿ ತನಕಾ ಬಂದಿತ್ತು. ಆದ್ರ ಇಂಥಾ ಕೆಲಸಕ್ಕ ಹೊಂಟವ್ರನ್ನ ಹೆಂಗ ಕೇಳೂದು? ಅವರಿಗೆ ಕೆಟ್ಟ ಆಗಬಾರದಂತ ನುಂಗಿಕೊಂಡೆ."

ಸೇತುವೆ ಹಾರಿತು. ಆಮೇಲೆ ಗುಂಡಿನ ಸದ್ದು ಕೇಳಿತು. ಮೇಷ್ಟ್ರು ಬರಲಿಲ್ಲ. ಸೈನಿಕರು ಹೊಲ ಸುತ್ತುವರಿಯುವ ಮೊದಲು ಒಂದು ದಾರಿಯಲ್ಲಿ ಹುಡುಕಲಷ್ಟೇ ಸಮಯವಿತ್ತು. ಇವರು ಏರಿಯ ದಾರಿ ಹಿಡಿದರು. ಅಲ್ಲಿ ಯಾರೂ ಇರಲಿಲ್ಲ.

ಹೆಂಡತಿ ಮೇಲೆ ಬಂದವಳು ಅಂದು ಒಲೆ ಹಚ್ಚಲಿಲ್ಲ. ಮರುದಿನ ಸುಭೇದಾರರು ನನ್ನನ್ನು ಕೇಳುವ ಮೊದಲೇ ಗ್ಯಾಲರಿಯಿಂದ ಅವಳೇ ಕೂಗಿ ಹೇಳಿದಳು: "ಕೋರ್ಟಿಗೆ ಹೊಂಟಾರ್ರಿ ಕಾಕಾ, ಮಾರ್ಕೆಟ್ ದಾರೀಲೆ."

ಅಷ್ಟೂ ವರ್ಷ ಮೇಷ್ಟ್ರ ಶಾಲೆಗೆ ಅವರು ಪತ್ರ ಬರೆಸುತ್ತಲೇ ಇದ್ದರಂತೆ. ಉತ್ತರವಿರಲಿಲ್ಲ. "ನಿಮ್ಮ ಕೋರ್ಟಿನ ಇಂಗ್ಲಿಷಿಗಾದ್ರೂ ಹೆದರ್ತಾರೇನೋ ನೋಡೂಣು, ಒಂದು ಬರೀರಿ ಸಾಹೇಬ್ರ," ಎಂದರು. ಸವಿನಯ ಪ್ರಾರ್ಥನೆ, ಸದರಿ ಸೇತುವೆ, ಸದರಿ ಮೇಷ್ಟ್ರು ಎಂದೆಲ್ಲ ಬರೆದೆ. ಹೆದರಿದರೋ ಏನೋ, ಕಳೆದ ವರ್ಷ ಉತ್ತರ ಬಂತು. ಬರೆದವರು ಮೇಷ್ಟ್ರ ಮಗಳು.

ಅದನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನದಾಯಿತು. ಅಪ್ಪ ಮನೆಗೆ ಬರಲೇ ಇಲ್ಲ. ಅಮ್ಮನಿಗೆ ಈಗ ತೊಂಬತ್ತು. ಎಲ್ಲಿ ಮಣ್ಣು ಮಾಡಿದರೆಂದು ಯಾರಿಗೂ ತಿಳಿಯದು. ಅಂದು ಅವರು ಯಾವ ದಾರಿಯಿಂದ ಹೋದರು ಎಂದು ತಿಳಿಸಿದರೆ, ಅಲ್ಲಿ ಅಗೆಸಿ ನೋಡುತ್ತೇವೆ.

ಸುಭೇದಾರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ತೋಟದ ದಾರಿ ಅಂತ ಬರೀಲೇನ್ರಿ?" ಎಂದೆ. ಕೋರ್ಟಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಅಂಥ ವಾಕ್ಯ ಭಾರವಲ್ಲ.

"ನಾ ಹೋಗೂದ್ರಾಗ ಏರಿ ಮ್ಯಾಲಿಂದ ಸೈನಿಕರು ಎತ್ಕೊಂಡು ಹೋಗಿದ್ರ?" ಎಂದರು. "ನಾ ಕೇಳಲಿಲ್ಲವ್ವಾ, ತಪ್ಪಾತು ಅಂತ ಬರೀರಿ. ಅಷ್ಟ ಸಾಕು."

ನನ್ನ ಕೋರ್ಟಿನ ಇಂಗ್ಲಿಷ್ ಅದಕ್ಕೆ ಒದಗಲಿಲ್ಲ. ಸದರಿ ಎಂಬುದನ್ನೆಲ್ಲ ಬಿಟ್ಟು ಅವರಂದಷ್ಟನ್ನೇ ಬರೆದೆ.

ಪತ್ರ ಹೋದ ಹನ್ನೆರಡನೆಯ ದಿನ ಸುಭೇದಾರರು ತೀರಿಕೊಂಡರು. ಮಳೆಗಾಲ ಮುಗಿದ ಮೇಲೆ ಮೇಷ್ಟ್ರ ಮಗಳು ಎರಡೂ ದಾರಿಯಲ್ಲಿ ಅಗೆಸಿ ನೋಡಿ, ನನಗೆ ಬರೆದರು. ಮೇಷ್ಟ್ರು ಸಿಗಲಿಲ್ಲ.