ಮೇಸ್ತ್ರಿಯ ಕೆಮ್ಮು

ಇವತ್ತು ಬೆಳಿಗ್ಗೆ ಒಗ್ಗರಣೆ ಹಾಕಲು ಹೋಗಿ ಮೆಣಸಿನಕಾಯಿ ಸೀಯಿಸಿದೆ. ಎಣ್ಣೆ ಕಾಯುವಷ್ಟರಲ್ಲಿ ಪೇಪರಿನ ಮೇಲೊಮ್ಮೆ ಕಣ್ಣಾಡಿಸೋಣ ಎಂದುಕೊಂಡದ್ದೇ ತಪ್ಪು. ಮನೆ ತುಂಬ ಘಾಟು. ಅಡುಗೆಮನೆಯ ಕಿಟಕಿಯನ್ನು ಒಂದು ವಾರದಿಂದ ನಾನೇ ಮುಚ್ಚಿಟ್ಟಿದ್ದೇನೆ. ಕಾರಣ ಆಮೇಲೆ ಹೇಳುತ್ತೇನೆ. ಹೆಂಡತಿ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರೆ ನಾನು ಕೆಮ್ಮುತ್ತಲೇ ನಗುತ್ತಿದ್ದೆ. ಚಾಮರಾಜಪೇಟೆಯ ದೊಡ್ಡಮ್ಮ ನೆನಪಾಗಿದ್ದರು.

ತೊಂಬತ್ತರ ದಶಕದ ಕೊನೆ ಅದು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಊರಿನವರ ಮದುವೆಗಳನ್ನೆಲ್ಲ ಅಚ್ಚು ಹಾಕಿಸುತ್ತ, ನನ್ನದರ ಸುದ್ದಿ ಬಂದರೆ ಮಾತು ಮರೆಸುತ್ತ, ದೊಡ್ಡಮ್ಮನ ಮನೆಯಲ್ಲಿ ಉಂಡುಕೊಂಡಿದ್ದೆ. ಆಗ ಎದುರಿನ ಹೆಂಚಿನ ಮನೆ ಕೆಡವಿ ಆಫೀಸುಗಳಿಗೆಂದು ಕಟ್ಟಡ ಎಬ್ಬಿಸತೊಡಗಿದರು. ಅದುವರೆಗೆ ನಮ್ಮ ರಸ್ತೆಯಲ್ಲಿ ತೆಂಗಿನಮರಕ್ಕಿಂತ ಎತ್ತರದ್ದು ಏನೂ ಇರಲಿಲ್ಲ. ದೂಳು, ಗಲಾಟೆ ಎಂದು ಬೀದಿಯವರೆಲ್ಲ ಗೊಣಗಿದರೆ, ದೊಡ್ಡಮ್ಮ ತಾರಸಿಯ ಮೇಲೊಂದು ಕುರ್ಚಿ ಹಾಕಿಸಿಕೊಂಡರು. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು ಎಲ್ಲ ಅಲ್ಲೇ. ಸಂಜೆ ನಾನು ಬಂದರೆ ಕಾಫಿಗಿಂತ ಮೊದಲು ವರದಿ.

"ಇವತ್ತು ಮೋಲ್ಡಿಂಗ್ ಹಾಕಿದ್ರು ಕಣೋ. ನೋಡಿ ನೋಡಿ ನಂಗೇ ಸೊಂಟ ಬಿದ್ದೋಯ್ತು."

ಬಂದ ನೆಂಟರಿಗೆಲ್ಲ "ನಮ್ ಬಿಲ್ಡಿಂಗ್ ನೋಡಿದ್ರಾ?" ಎನ್ನುತ್ತಿದ್ದರು. ಕಟ್ಟಿಸುತ್ತಿದ್ದ ಸಾಹುಕಾರನಿಗೂ ಅಷ್ಟು ಜಂಬವಿತ್ತೋ ಇಲ್ಲವೋ.

ಹೀಗಿರುವಾಗ ಒಂದು ಬೆಳಿಗ್ಗೆ ಆ ಕಟ್ಟಡಕ್ಕೆ ದೃಷ್ಟಿಗೊಂಬೆ ಕಟ್ಟಿದರು. ಬೂದುಗುಂಬಳಕಾಯಿಯ ಮೇಲೆ ಬರೆದ ರಾಕ್ಷಸನ ಮುಖ, ಹುರಿಮೀಸೆ, ಹೊರಚಾಚಿದ ಕೆಂಪು ನಾಲಿಗೆ. ನೋಟ ನೇರ ನಮ್ಮ ತಾರಸಿಗೆ.

"ಅಂದ್ರೆ ಕೆಟ್ಟ ಕಣ್ಣು ನಂದೇ ಅಂತ ತಾನೆ?" ಎಂದರು ದೊಡ್ಡಮ್ಮ.

ಅವರಿಗೆ ಮಕ್ಕಳಿರಲಿಲ್ಲ. ಅವರು ತೊಟ್ಟಿಲ ಹತ್ತಿರ ಬಂದಾಗ ಮಗುವಿನ ಮುಖಕ್ಕೆ ಸೆರಗು ಮುಚ್ಚಿದವರನ್ನು ನಾನೇ ಕಂಡಿದ್ದೆ. ದೊಡ್ಡಮ್ಮನೂ ಕಂಡಿದ್ದರು. ಅಂದಿನಿಂದ ಕುರ್ಚಿ ಹಿತ್ತಿಲಿನ ಕಡೆ ತಿರುಗಿತು. ನನಗೆ ಬಹಳ ಸಂಕಟವಾಯಿತು, ಕಾಫಿ ಬೇಗ ಸಿಗತೊಡಗಿತು ಎಂಬುದೂ ನಿಜ.

ಕೆಲವು ದಿನ ಕಳೆದಿರಬೇಕು. ನಾನು ಮನೆಯಲ್ಲಿದ್ದ ಒಂದು ಮಧ್ಯಾಹ್ನ, ಕೆಲಸದವರು ಊಟಕ್ಕೆ ಇಳಿದಿದ್ದಾಗ, ಗಾರೆಯವರು ಹತ್ತಿ ನಿಲ್ಲಲು ಕಟ್ಟಿದ್ದ ಸಾರುವೆ ಕಳಚಿಕೊಂಡು ದಡದಡನೆ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ದೊಡ್ಡಮ್ಮ ಬಿಳಚಿಕೊಂಡರು.

"ನಿನ್ನೆ ಸಂಜೆ ಕದ್ದು ನೋಡ್ಬಿಟ್ಟೆ ಕಣೋ. ಎಷ್ಟ್ ಚೆನ್ನಾಗ್ ಬಂದಿದೆ ಅಂದ್ಕೊಂಡ್ಬಿಟ್ಟೆ."

ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ರಸ್ತೆ ದಾಟಿಯೇಬಿಟ್ಟರು. ಹಿಂದೆ ನಾನು. ಮೇಸ್ತ್ರಿ ಮುನಿಯಪ್ಪ ಎಲ್ಲ ಕೇಳಿಸಿಕೊಂಡು, "ಹಗ್ಗದ ಗಂಟು ಸಡ್ಲ ಇತ್ತಮ್ಮ. ಅದಕ್ಕೆ ನೀವೇನ್ ಮಾಡ್ತೀರ?" ಎಂದ.

"ಅದನ್ನ ಮೆಣಸಿನಕಾಯಿ ಹೇಳ್ಲಿ ಬಿಡಪ್ಪ."

ಲೆಕ್ಕ ನಿಮಗೂ ಗೊತ್ತಿರಬಹುದು. ನಿವಾಳಿಸಿ ಬೆಂಕಿಗೆ ಹಾಕಿದ ಮೆಣಸಿನಕಾಯಿ ಘಾಟೆದ್ದರೆ ದೃಷ್ಟಿ ಆಗಿಲ್ಲ. ಘಾಟೇ ಬರದಿದ್ದರೆ ಆಗಿದೆ. ಆದರೆ ಅಷ್ಟು ದೊಡ್ಡ ಕಟ್ಟಡಕ್ಕೆ ನಿವಾಳಿಸುವುದು ಹೇಗೆ? ಮೇಸ್ತ್ರಿ ತಲೆಯ ಟವೆಲ್ ಬಿಚ್ಚಿ, "ಬಿಲ್ಡಿಂಗ್ ಬದ್ಲು ನಂಗೇ ತೆಗೀರಮ್ಮ" ಎಂದು ಪೂರ್ವಕ್ಕೆ ಮುಖ ಮಾಡಿ ನಿಂತುಬಿಟ್ಟ. ದೊಡ್ಡಮ್ಮ ನಿವಾಳಿಸಿ, ಕೆಲಸದವರ ಕಲ್ಲೊಲೆಗೆ ಎಲ್ಲವನ್ನೂ ಸುರಿದು, ಉಸಿರು ಬಿಗಿಹಿಡಿದು ನಿಂತರು.

ಬಯಲು, ಜೊತೆಗೆ ಗಾಳಿ. ಒಲೆಯ ಪಕ್ಕದಲ್ಲೇ ಇದ್ದ ನನ್ನ ಮೂಗಿಗೆ ಏನೂ ಬಡಿಯಲಿಲ್ಲ. ದೊಡ್ಡಮ್ಮನ ಕಣ್ಣು ತುಂಬತೊಡಗಿತ್ತು. ಅಷ್ಟರಲ್ಲಿ ಮೇಸ್ತ್ರಿ ಕೆಮ್ಮಿದ. ಎದೆ ಹಿಡಿದುಕೊಂಡು, ಬಗ್ಗಿ, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಕೆಮ್ಮಿದ. "ಅಬ್ಬಬ್ಬಾ, ಏನ್ ಘಾಟಮ್ಮ!" ಎಂದು ನನ್ನ ಮುಖ ನೋಡಿದ. ನಾನೂ ಕೆಮ್ಮಿದೆ. ಊಟಕ್ಕೆ ಕೂತಿದ್ದವರೂ ಒಬ್ಬೊಬ್ಬರಾಗಿ ಕೆಮ್ಮಿದರು.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೌದು ಕಣ್ರೋ, ನಂಗೂ ಕಣ್ಣುರೀತಿದೆ" ಎಂದು ನಕ್ಕರು. ಮರುದಿನ ಕುರ್ಚಿ ಮತ್ತೆ ಕಟ್ಟಡಕ್ಕೆ ಎದುರಾಯಿತು. ಕೊನೆಯ ಅಂತಸ್ತು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಈಗ ದೊಡ್ಡಮ್ಮನಿಲ್ಲ. ನಮ್ಮ ಮನೆಯೆದುರು ಯಾರೋ ಹೊಸದಾಗಿ ಕಟ್ಟಿಸುತ್ತಿದ್ದಾರೆ. ಹೋದ ವಾರ ಅದಕ್ಕೂ ಗೊಂಬೆ ಬಂತು, ಅಡುಗೆಮನೆಗೇ ಮುಖ ಮಾಡಿಕೊಂಡು. ನನಗೆ ಸಿಟ್ಟು ಬಂದು ಕಿಟಕಿ ಮುಚ್ಚಿದ್ದೆ. ಇವತ್ತು ತೆರೆದೆ. ಸಾರುವೆಯ ಮೇಲಿದ್ದವನೊಬ್ಬ ತಿರುಗಿ ನೋಡಿದ. ಗೋಡೆ ಚೆನ್ನಾಗಿ ಬಂದಿದೆ ಎಂದುಕೊಂಡೆ. ಅಷ್ಟರಲ್ಲಾಗಲೇ ಘಾಟೆಲ್ಲ ಹೊರಗೆ ಹೋಗಿತ್ತು. ಆದರೂ ಅವನಿಗೆ ಕೇಳಿಸಲೆಂದು ಇನ್ನೊಮ್ಮೆ ಜೋರಾಗಿ ಕೆಮ್ಮಿದೆ.