ಬೆಂಚಿನ ಮೇಲಿನ ದಿಂಬು

ಲಾಸ್ ಏಂಜಲೀಸ್, ನವೆಂಬರ್ ೧೯೯೭

ಕಾಲೇಜು ಫುಟ್‌ಬಾಲ್ ನೋಡಲು ಉಡುಪಿ ಕಡೆಯ ಭಟ್ಟರು ನನ್ನನ್ನು ಕರೆತಂದಿದ್ದರು. ಅವರದು ಮೈದಾನದ ನಟ್ಟನಡುವಿಗೆ ಎದುರಾಗಿ, ಬೆನ್ನಿಗೆ ಆಸರೆಯಿಲ್ಲದ ಉದ್ದನೆಯ ಬೆಂಚು. ವರ್ಷವರ್ಷವೂ ಅದೇ ಜಾಗ, ಅದೇ ನೆರೆಯವರು. ಇವತ್ತಿನ ಆಟ ಮುಗಿದ ಮೇಲೆ ಅದನ್ನು ಕಿತ್ತು, ದೊಡ್ಡ ದಾನಿಗಳಿಗಾಗಿ ಮೆತ್ತನೆಯ ಅಗಲ ಕುರ್ಚಿ ಹಾಕುತ್ತಾರಂತೆ.

ನನ್ನ ಟಿಕೆಟ್ಟು ಮೇಲಿನ ಕೊನೆಯ ಸಾಲಿನದು. ಭಟ್ಟರ ಪಕ್ಕದಲ್ಲಿ ಮಾಸಿದ ದಿಂಬೊಂದಿತ್ತು, ಅದರ ಮೇಲೆ ಯಾರೂ ಕೂತಿರಲಿಲ್ಲ. ಕೂರಲು ಹೋದೆ.

“ಅಲ್ಲಿ ಬೇಡ ಮಾರಾಯ್ರೆ,” ಭಟ್ಟರು ಕೈ ಹಿಡಿದರು. “ಅದು ಆಚೆ ಕೂತಿದ್ದಾರಲ್ಲ, ಇವರ ಹೆಂಡತಿ ಜಾಗ. ಅವರು ತೀರಿಹೋಗಿ ಸುಮಾರು ವರ್ಷ ಆಯ್ತು. ಇವರು ಈಗ್ಲೂ ಎರಡು ಟಿಕೆಟ್ ತಗೊಳ್ಳುದು.”

ದಿಂಬಿನ ಆಚೆ ಕೂತಿದ್ದ ಅಮೆರಿಕನ್ ಮುದುಕ ಅದನ್ನು ತಟ್ಟಿ ತೋರಿಸಿದ. “ಕೂತುಕೊಳ್ಳಿ. ಹೇಗೂ ಇವತ್ತೇ ಕೊನೆ,” ಎಂದ ಇಂಗ್ಲಿಷಿನಲ್ಲಿ.

ಕೂತೆ. ಬಿಡುವಿನಲ್ಲಿ ಭಟ್ಟರು ಚಕ್ಕುಲಿ ಡಬ್ಬಿ ತೆರೆದರು. ಮುದುಕನಿಗೊಂದು ಕೊಟ್ಟರು, ನನಗೊಂದು. ಆಮೇಲೆ ಇನ್ನೊಂದನ್ನು ತೆಗೆದು, ಪ್ರತಿ ಆಟದ ರೂಢಿಯೆಂಬಂತೆ, ಎಡೆಯಿಡುವ ಹಾಗೆ ದಿಂಬಿನ ಮೇಲೆ ಇಡಲು ಬಗ್ಗಿದವರು ಅಲ್ಲಿ ನನ್ನನ್ನು ಕಂಡು ಕೈ ತಡೆದರು.

ನಾನು ಎದ್ದೆ. ಉಳಿದ ಆಟವನ್ನು ಅಲ್ಲೇ ನಿಂತು ನೋಡಿದೆ. ಹಿಂದಿನ ಸಾಲಿನವರು ಯಾರೂ ಕೂರು ಎನ್ನಲಿಲ್ಲ.